ಕೋಳಿಯ ತಿಳಿಸಾರು

ಹೊಳೆಯ ದಂಡೆಯ ಮೇಲೆ ಬೋರಯ್ಯ ತಾತನವರ ಆಶ್ರಮ. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಬೇವಿನ ಮರ. ಸಂಜೆ ತಾತ ತತ್ವಪದ ಹಾಡುತ್ತಿದ್ದರು. ಊರಿನವರು ಬಂದು ಕೇಳಿ, ಎದ್ದು ಮನೆಗೆ ಹೋಗುತ್ತಿದ್ದರು.

ಓಬಮ್ಮ ಮಾತ್ರ ಎಲ್ಲರೂ ಹೋದ ಮೇಲೆ ಏಳುತ್ತಿದ್ದಳು.

ಅವಳ ಗಂಡ ಪಾಲಯ್ಯ ತೀರಿಕೊಂಡು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ. ಬೆಳಕು ಹರಿಯುತ್ತಲೇ ಬಂದು ಆಶ್ರಮದ ಅಂಗಳ ಗುಡಿಸುವಳು, ಹೊಳೆಯಿಂದ ನೀರು ತರುವಳು, ಅಲ್ಲೇ ಗಂಜಿ ಕುಡಿಯುವಳು. ಮನೆಗೆ ಹೋಗುವುದು ಮಲಗುವುದಕ್ಕಷ್ಟೆ. ಅವನು ಹೋದಾಗ ಒಲೆಯಲ್ಲಿದ್ದ ಬೂದಿ ಇನ್ನೂ ಹಾಗೇ ಇತ್ತು.

ಒಂದು ದಿನ ಅವಳು ತಾತನ ಮುಂದೆ ಬಂದು ಕೂತಳು.

"ತಾತ, ನನಗೆ ಉಪದೇಶ ಕೊಡಿ. ಇಲ್ಲೇ ಇದ್ದುಬಿಡ್ತೀನಿ."

"ನಿನಗೆ ಮನೆ ಐತಲ್ಲವ್ವ."

"ಮನೆ ಮೇಲೆ ಮನಸಿಲ್ಲ ತಾತ. ಎಲ್ಲಾ ಬಿಟ್ಟಾಯ್ತು."

ತಾತ ಅವಳ ಮುಖ ನೋಡಿದರು. ಅವರು ಆಗಷ್ಟೇ ಜ್ವರದಿಂದ ಎದ್ದಿದ್ದರು. ಕೆನ್ನೆ ಒಳಗೆ ಹೋಗಿತ್ತು.

"ಬಾಯಿ ಕೆಟ್ಟೈತೆ ಓಬವ್ವ. ಕೋಳಿಯ ತಿಳಿಸಾರು ಕುಡೀಬೇಕು ಅನ್ನಿಸ್ತೈತೆ. ಮಾಡಿಕೊಡ್ತೀಯಾ?"

ಓಬಮ್ಮ ತಬ್ಬಿಬ್ಬಾದಳು. "ಸಾಧುಗಳು ಕೋಳಿ ಮುಟ್ತಾರಾ ತಾತ?"

"ಸಾಧು ಮುಟ್ಟಾಕಿಲ್ಲ. ಜ್ವರ ಬಿಟ್ಟವನು ಮುಟ್ತಾನೆ."

"ಹಂಗಾದ್ರೆ ಇಲ್ಲೇ ಒಲೆ ಹಚ್ತೀನಿ."

"ಇಲ್ಲಿ ಬ್ಯಾಡ. ನಿನ್ನ ಮನೇಲಿ ಮಾಡಿ ತಗಂಬಾ."

ಅವಳ ಮುಖ ಇಳಿದುಹೋಯಿತು. ಆದರೆ ಗುರುವಿನ ಮಾತು, ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಪಕ್ಕದ ಮನೆಯ ಗೌರಕ್ಕನ ಹತ್ತಿರ ನಾಟಿ ಕೋಳಿಗಳಿದ್ದವು. ಓಬಮ್ಮ ಬಂದು ಕೋಳಿ ಕೇಳಿದಾಗ ಗೌರಕ್ಕನಿಗೆ ಆಶ್ಚರ್ಯ.

"ಏನೇ ಓಬಿ, ನೆಂಟರು ಬಂದವ್ರಾ?"

"ಯಾರು ಬತ್ತಾರಕ್ಕ ನನ್ನ ಮನೆಗೆ."

ಗೌರಕ್ಕ ಒಂದು ಕೋಳಿ ಹಿಡಿದಳು. ತಾನೇ ಕೊಯ್ದು, ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದು ತುಂಡು ಮಾಡಿಕೊಟ್ಟಳು.

ಓಬಮ್ಮ ಒಲೆಯ ಬೂದಿ ತೋಡಿದಳು. ತೋಡುವಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬಿರಬಿರನೆ ಸೌದೆ ಒಟ್ಟಿ, ಬೆಂಕಿ ಹಚ್ಚಿ, ಮಡಕೆ ಇಟ್ಟು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಒಳಗೆ ಸಾರು ಕೊತಕೊತ ಕುದಿಯುವುದು ಕೇಳುತ್ತಿತ್ತು. ಸದ್ದು ಕಡಿಮೆಯಾದರೆ ಒಳಗೆ ಹೋಗಿ ಇನ್ನೊಂದು ಸೌದೆ ತುರುಕುವಳು, ಮತ್ತೆ ಹೊರಗೆ ಬರುವಳು.

ಮಡಕೆ ಹೊತ್ತು ಆಶ್ರಮಕ್ಕೆ ಬಂದಳು. ತಾತ ಮುಚ್ಚಳ ತೆಗೆದು ನೋಡಿದರು. ಸಾರು ಹೊಸ ನೀರು ಬಂದ ಹೊಳೆಯ ಹಾಗಿತ್ತು.

"ಕದಡೈತೆ."

"ಚೆನ್ನಾಗಿ ಕುದಿಸೀನಿ ತಾತ."

"ಅದಕ್ಕೇ ಕದಡೈತೆ. ಅಷ್ಟು ಉರಿ ಹಾಕಿ ನೀನೆಲ್ಲಿ ಹೋಗಿದ್ದೆ?"

"ಜಗಲಿ ಮೇಲೆ ಕೂತಿದ್ದೆ."

"ಎಲ್ಲಾ ಬಿಟ್ಟವಳಿಗೆ ಒಳಗೆ ಕೂರಾಕೆ ಏನು ಭಯ?"

ಓಬಮ್ಮ ಮಡಕೆಯ ಮುಚ್ಚಳ ಮತ್ತೆ ಮುಚ್ಚಿದಳು.

ಹೊಳೆ ದಾಟಿಸುವ ದೋಣಿಯವನು ಬೇವಿನ ಮರದಡಿ ಕೂತಿದ್ದ. ತಾತ ಮಡಕೆಯನ್ನು ಅವನಿಗೆ ಕೊಟ್ಟುಬಿಟ್ಟರು. ಅವನು ಮೂಳೆ ಸಮೇತ ಚೀಪಿ ಮುಗಿಸಿದ.

"ನನಗೆ ತಿಳಿಸಾರು ಬೇಕು," ಅಂದರು ತಾತ.

"ಅದಕ್ಕೇನು ಮಾಡ್ಬೇಕು ತಾತ?"

"ಸಣ್ಣ ಉರಿ. ನೀರು ಕುಣಿಯಬಾರದು, ನಡುಗಬೇಕು. ಬಿಟ್ಟು ಏಳಬಾರದು."

ಓಬಮ್ಮನಿಗೆ ಸಿಟ್ಟು ಬಂತು. ಕೆಲವು ದಿನ ಆಶ್ರಮದ ಕಡೆ ತಲೆ ಹಾಕಲಿಲ್ಲ. ಆಶ್ರಮಕ್ಕೂ ಹೋಗದೆ, ಮನೆಯಲ್ಲೂ ಇರಲಾರದೆ ಊರ ಸುತ್ತ ಅಲೆದಳು. ಕಡೆಗೆ ಗೌರಕ್ಕನಿಂದ ಮತ್ತೊಂದು ಕೋಳಿ ತಂದಳು.

ಈ ಸಲ ಎರಡೇ ಎರಡು ಕಟ್ಟಿಗೆ ಇಟ್ಟಳು. ಮೆಣಸು, ಶುಂಠಿ ಜಜ್ಜಿ ಹಾಕಿದಳು. ಕೈಗೆ ಬಂದಷ್ಟು ಉಪ್ಪು ಹಾಕಿ ಒಲೆಯ ಮುಂದೆ ಕೂತಳು.

ಮನೆ ಎಷ್ಟು ನಿಶ್ಶಬ್ದ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಸೂರಿನಲ್ಲಿ ಹಲ್ಲಿ ಹರಿದರೂ ಕೇಳುತ್ತಿತ್ತು.

ನೊರೆ ಬಂತು. ಸೌಟಿನಲ್ಲಿ ತೆಗೆದಳು. ಮತ್ತೆ ಬಂತು, ಮತ್ತೆ ತೆಗೆದಳು.

ಬೆಳ್ಳುಳ್ಳಿ ಸುಲಿಯಲು ಕೈಗೆತ್ತಿಕೊಂಡಳು. ಅದು ಪಾಲಯ್ಯನ ಕೆಲಸವಾಗಿತ್ತು. ಹೊಸ್ತಿಲ ಮೇಲೆ ಕೂತು ಸುಲಿಯುವನು, ಅರ್ಧ ಸಿಪ್ಪೆ ಬಿಡುವನು, ಇವಳು ಬೈಯುವಳು. ಈಗ ಒಂದು ಚೂರೂ ಸಿಪ್ಪೆ ಇಲ್ಲದ ಹಾಗೆ ಸುಲಿದು ಮಡಕೆಗೆ ಹಾಕಿದಳು. ಬೈಯುವುದಕ್ಕೆ ಏನೂ ಇರಲಿಲ್ಲ.

ಎದ್ದು ಹೊರಗೆ ಓಡಬೇಕು ಅನ್ನಿಸಿತು. ಎದ್ದರೆ ಉರಿ ಏರುತ್ತದೆ, ಸಾರು ಕದಡುತ್ತದೆ. ಹಲ್ಲು ಕಚ್ಚಿ ಕೂತಳು.

"ಹೋಗಿಬಿಟ್ಯಲ್ಲ," ಅಂದಳು ಗಟ್ಟಿಯಾಗಿ.

ಅವನು ಸತ್ತ ದಿನವೂ ಅವಳು ಆ ಮಾತು ಆಡಿರಲಿಲ್ಲ. ಮಡಕೆಯ ಮುಚ್ಚಳ ಸ್ವಲ್ಪ ಅಲುಗಿತು. ಓಬಮ್ಮ ಒಂದು ಕಟ್ಟಿಗೆ ಹಿಂದಕ್ಕೆ ಎಳೆದಳು. ಎಳೆಯುತ್ತಲೇ ಅಳು ಬಂತು. ಅಳುತ್ತಲೇ ನೊರೆ ತೆಗೆದಳು.

ಹೊತ್ತು ಬಾಗುವ ವೇಳೆಗೆ ಅಳುವೂ ನಿಂತಿತ್ತು, ಸಾರೂ ತಿಳಿಯಾಗಿತ್ತು. ಮಡಕೆಯ ತಳದಲ್ಲಿದ್ದ ಮೂಳೆ ಕಾಣುತ್ತಿತ್ತು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ತಾತ ನಿಂತಿದ್ದರು. ಅಷ್ಟು ದೂರ ನಡೆದು ಬಂದು ಏದುಸಿರು ಬಿಡುತ್ತಿದ್ದರು.

"ನೀವ್ಯಾಕೆ ಬರಾಕೆ ಹೋದ್ರಿ ತಾತ? ನಾನೇ ತತ್ತಿದ್ನಲ್ಲ."

"ಕೋಳಿ ಒಯ್ದೆ ಅಂತ ಗೌರಕ್ಕ ಹೇಳಿದ್ಲು. ದಾರೀಲಿ ಆರೋಗ್ತೈತೆ."

ಒಲೆಯ ಎದುರಿಗೆ ಅವರು ಗೋಡೆಗೆ ಒರಗಿ ಕೂತರು. ಓಬಮ್ಮ ಲೋಟಕ್ಕೆ ಬಗ್ಗಿಸಿ ಮುಂದೆ ಇಟ್ಟಳು. ತಾತ ಬಗ್ಗಿ ನೋಡಿದರು. ಕುಡಿಯಲಿಲ್ಲ.

"ಉಪ್ಪು ಸರಿ ಐತಾ?"

"ಗೊತ್ತಿಲ್ಲ ತಾತ. ಅವರು ನೋಡೋರು. ಒಂದು ಗುಟುಕು ಕುಡಿದು ಸಾಕು, ಸಾಲ್ದು ಅಂತ ಹೇಳೋರು. ನಾನು ಯಾವತ್ತೂ ನೋಡ್ದೋಳೇ ಅಲ್ಲ."

"ಇವತ್ತು ನೋಡು."

"ನಿಮಗೆ ಅಂತ ಮಾಡಿದ್ದು. ನಾನು ಎಂಜಲು ಮಾಡಲಾ?"

ತಾತ ಲೋಟವನ್ನು ಅವಳ ಕಡೆಗೆ ಸರಿಸಿದರು.

ಓಬಮ್ಮ ಒಂದು ಗುಟುಕು ಕುಡಿದಳು. ಬಿಸಿ ಎದೆಯೊಳಗೆ ಇಳಿಯಿತು.

"ಕಮ್ಮಿ ಐತೆ," ಅಂದಳು.

"ಯಾರಿಗೆ?"

"ಅವರಿಗೆ ಉಪ್ಪು ಸ್ವಲ್ಪ ಮುಂದೇ ಇರಬೇಕು. ಅವರಾಗಿದ್ರೆ ಇದು..."

"ನಾನು ಅವನ ರುಚಿ ಕೇಳಲಿಲ್ಲ."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಇನ್ನೊಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ನನಗೆ..." ಅಂದು ತಡೆದಳು. ಯಾವುದೋ ಪರವೂರಿನ ಹೆಂಗಸಿನ ಮಾತು ಕೇಳಿದ ಹಾಗೆ ತನ್ನ ದನಿ ತನಗೇ ಕೇಳಿಸಿತು. "ನನಗೆ ಸರಿಯಾಗೈತೆ ತಾತ."

"ಹಂಗಾದ್ರೆ ನನಗೂ ಬಡಿಸು ಮಗಳೆ. ನಿನ್ನ ಮನೆಗೆ ಬಂದೀನಿ."