ಮಗ್ಗ ನಿಂತ ಹೊತ್ತು

“ಅಜ್ಜಾರ, ಕಲಿಸಿದವರ ಮೇಲೆ ಮಕ್ಕಳಿಗೆ ಪ್ರೀತಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?”

ಕೇಳಿದವನು ಮಹಾಂತಯ್ಯ. ಮಠದ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುವವನು. ಸಂಜೆಯ ಪೂಜೆ ಮುಗಿದಿತ್ತು. ಎಲ್ಲರೂ ಅಜ್ಜಾರ ಎಂದು ಕರೆಯುವ ಮಠದ ಗುರುಗಳು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಒಬ್ಬರೇ ಕುಳಿತಿದ್ದರು.

“ಏನಂದೆ ತಮ್ಮಾ?” ಎಂದರು.

ಮಹಾಂತಯ್ಯನ ದನಿ ಮೊದಲಿನಿಂದಲೂ ಸಣ್ಣದು. ಬಾಯಿಂದ ಹೊರಟ ಮಾತು ಎದುರಿನವರ ಕಿವಿ ಮುಟ್ಟುವ ಮೊದಲೇ ದಣಿದು ಕೂತುಬಿಡುತ್ತದೆ. ಸಿಟ್ಟು ಬಂದಾಗಲಂತೂ ಇನ್ನೂ ಸಣ್ಣದಾಗುತ್ತದೆ. ಆ ಸಂಜೆ ಅವನಿಗೆ ಸಿಟ್ಟು ಬಂದಿತ್ತು. ಗುರುಗಳು ಚಾಪೆಯನ್ನು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕುಳಿತರು.

“ಹೂಂ, ಈಗ ಹೇಳು.”

ಮಹಾಂತಯ್ಯ ಹೇಳಿದ. ಅಂದು ಶಿಕ್ಷಕರ ದಿನ. ಆಟದ ಮೇಷ್ಟರಿಗೆ ಮಕ್ಕಳು ಎದೆ ಮುಚ್ಚುವಷ್ಟು ಹಾರ ಹಾಕಿದ್ದರು. ಗಣಿತದವರಿಗೆ ಪೆನ್ನು ಕೊಟ್ಟಿದ್ದರು. ಸಂಗೀತದ ಅಕ್ಕೋರಿಗೆ ಮಲ್ಲಿಗೆ ದಂಡೆ. ತನಗೆ ಮಾತ್ರ ಒಂದು ಎಸಳು ಹೂವೂ ಇಲ್ಲ.

“ಕೊಡದಿದ್ದರೆ ಬೇಡ, ಅಜ್ಜಾರ. ಹೂವು ಹೇಗೂ ಬಾಡುವಂಥದ್ದು. ಅಂಥ ದಿನ ಕೀಟಲೆಯನ್ನಾದರೂ ಬಿಡಬಾರದೇ? ನಾನು ಒಳಗೆ ಹೋಗುವಷ್ಟರಲ್ಲಿ ಬೆಂಚುಗಳನ್ನೆಲ್ಲ ಎಳೆದು ತಂದು ನನ್ನ ಮೇಜಿಗೆ ಒತ್ತಿಟ್ಟಿದ್ದರು. ನಿಲ್ಲಲು ಜಾಗವಿಲ್ಲ, ತಿರುಗಲು ಜಾಗವಿಲ್ಲ. ಎಲ್ಲವನ್ನೂ ಮತ್ತೆ ಹಿಂದಕ್ಕೆ ತಳ್ಳಿಸಿದೆ. ಮುಖ ಊದಿಸಿಕೊಂಡು ಕೂತರು. ನನ್ನನ್ನು ಆ ತರಗತಿಯಿಂದ ಬಿಡಿಸಿಬಿಡಿ. ದನದ ಕೊಟ್ಟಿಗೆಗೆ ಹಾಕಿದರೂ ಸರಿ. ದನಗಳಾದರೂ ಕರೆದರೆ ತಿರುಗಿ ನೋಡುತ್ತವೆ.”

“ಕೊಟ್ಟಿಗೆಯಲ್ಲಿ ಸದ್ಯಕ್ಕೆ ಜಾಗ ಇಲ್ಲ,” ಎಂದರು ಗುರುಗಳು. “ಒಂದು ಕತೆ ಇದೆ. ಬೇಕಾದರೆ ಅದನ್ನು ಕೇಳು.”

ಹೀಗೆಂದು ಹೇಳತೊಡಗಿದರು.

ಒಂದು ನೇಕಾರರ ಕೇರಿ. ಅದರ ನಡುವೆ ಒಂದು ಶಾಲೆ. ಶಾಲೆಯ ಸುತ್ತ ಮಗ್ಗದ ಮನೆಗಳು. ಬೆಳಕು ಹರಿದಾಗ ಶುರುವಾದ ಸದ್ದು ದೀಪ ಹಚ್ಚುವ ತನಕ ನಿಲ್ಲುವುದಿಲ್ಲ. ಅಲ್ಲಿ ಗಂಡ ಹೆಂಡತಿ ಜಗಳವಾಡಬೇಕಾದರೂ ರಾತ್ರಿ ಊಟದ ಹೊತ್ತಿನವರೆಗೆ ಕಾಯಬೇಕು. ಬಾಯಿಮಾತು ನಡೆಯದ ಮೇಲೆ ಜನ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ನೀರು ತಾ, ನೂಲು ಹರಿಯಿತು, ಮಾವ ಬಂದ, ಎಲ್ಲಕ್ಕೂ ಬೆರಳುಗಳೇ ಸಾಕು. ಮಕ್ಕಳು ಮಾತಿಗೆ ಮೊದಲು ಸನ್ನೆ ಕಲಿಯುತ್ತಿದ್ದವು.

ಆ ಶಾಲೆಗೆ ಬೇರೆ ಸೀಮೆಯಿಂದ ಒಬ್ಬ ಶಿಕ್ಷಕ ಬಂದ. ಒಳ್ಳೆಯವನು, ಓದಿಕೊಂಡವನು, ಕತೆ ಹೇಳುವುದರಲ್ಲಿ ಬಲು ಗಟ್ಟಿಗ. ಆದರೆ ಅವನ ಒಂದು ಮಾತೂ ಮೂರನೆಯ ಸಾಲು ದಾಟುತ್ತಿರಲಿಲ್ಲ. ಅವನು ಕೂಗಿದ. ಇನ್ನೂ ಕೂಗಿದ. ಕೂಗುತ್ತ ಕೂಗುತ್ತ ಅದೇ ಅವನ ಮಾತಾಯಿತು. ಮನೆಯಲ್ಲಿ ಹೆಂಡತಿಯ ಹತ್ತಿರ ಉಪ್ಪು ಕೇಳಿದರೂ ನೆರೆಯವರು ಬಾಗಿಲು ತೆರೆದು ಏನಾಯಿತೆಂದು ನೋಡುವಂತಾಯಿತು. ಇಷ್ಟಾದ ಮೇಲೂ “ತಿಳಿಯಿತೇ?” ಎಂದರೆ ಮಕ್ಕಳು ಒಟ್ಟಿಗೆ ತಲೆಯಾಡಿಸುತ್ತಿದ್ದರು. ಅವರಿಗೆ ಕೇಳಿಸಿದೆಯೋ, ತಾನು ಬಾಯಿ ಮುಚ್ಚಿದ್ದನ್ನು ನೋಡಿ ತಲೆಯಾಡಿಸಿದರೋ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಹಗಲು ಹೊತ್ತಿನಲ್ಲಿ ಮಗ್ಗಗಳೆಲ್ಲ ನಿಲ್ಲುವುದು ಸಾವಿಗೆ ಮಾತ್ರ. ಒಂದು ಮನೆಯಲ್ಲಿ ಜೀವ ಹೋಯಿತೆಂದರೆ ಆ ಮನೆಯ ಮಗ್ಗ ನಿಲ್ಲುತ್ತದೆ. ಅದು ನಿಂತದ್ದು ತಿಳಿದು ಪಕ್ಕದ್ದು ನಿಲ್ಲುತ್ತದೆ. ಹೀಗೆ ಸದ್ದು ಕೇರಿಯ ಉದ್ದಕ್ಕೂ ಆರುತ್ತ ಹೋಗುತ್ತದೆ. ಹೇಳಿಕಳಿಸುವ ಮಾತೇ ಇಲ್ಲ. ಸದ್ದು ಅಡಗಿತೆಂದರೆ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಡಬೇಕು, ಅಷ್ಟೇ.

ಶಿಕ್ಷಕ ಬಂದ ಹೊಸತರಲ್ಲಿ ಒಮ್ಮೆ ಹೀಗೆ ಮಗ್ಗ ನಿಂತಾಗ, ದೇವರೇ ಕಣ್ಣು ತೆರೆದನೆಂದು ಅವನು ಹಿಗ್ಗಿನಿಂದ ಪಾಠ ಮಾಡಿದ್ದ. ಒಬ್ಬ ಹಿರಿಯ ನೇಕಾರ ಬಾಗಿಲಿಗೆ ಬಂದು ಬೈದ.

“ಅಲ್ಲಿ ಹೆಣ ಇಟ್ಟುಕೊಂಡು ಕುಂತಾರ, ನೀವಿಲ್ಲಿ ಒದರಾಕತ್ತೀರಿ. ಮಾಸ್ತರ ಆಗಿ ಅಷ್ಟೂ ತಿಳಿಯಂಗಿಲ್ಲೇನ್ರಿ?”

ಆ ಬೈಗುಳವನ್ನು ಶಿಕ್ಷಕ ಮರೆಯಲಿಲ್ಲ.

ಕೆಲವು ವರ್ಷ ಕಳೆಯಿತು. ಪಟ್ಟಣದ ಶಾಲೆಯಲ್ಲಿ ಅವನ ಗೆಳೆಯನೊಬ್ಬನಿದ್ದ. ಶಿಕ್ಷಕರ ದಿನ ಬಂತೆಂದರೆ ಗೆಳೆಯನಿಗೆ ಹಾರ, ಶಾಲು, ಮಕ್ಕಳು ಬರೆದ ಚಿತ್ರ. ಅವನು ಅದನ್ನೆಲ್ಲ ಬಾಯಿ ತುಂಬ ಹೇಳಿಕೊಳ್ಳುತ್ತಿದ್ದ. ಕೊನೆಗೆ “ನಮ್ಮಲ್ಲಿ ಒಂದು ಜಾಗ ಖಾಲಿ ಇದೆ, ಬಂದುಬಿಡು” ಎಂದ. ಶಿಕ್ಷಕರ ದಿನದಂದು ಸಂಜೆಯ ಬಸ್ಸಿಗೆ ಬಂದು ಒಪ್ಪಿಗೆ ಹೇಳಬೇಕು. ತಪ್ಪಿದರೆ ಜಾಗ ಬೇರೆಯವರ ಪಾಲು.

ಶಿಕ್ಷಕ ಹೋಗುವುದೆಂದೇ ನಿಶ್ಚಯಿಸಿದ. ಅದಕ್ಕೆ ಸರಿಯಾಗಿ ಏಳನೆಯ ತರಗತಿಯ ಮಕ್ಕಳೂ ಕೆಟ್ಟುಹೋಗಿದ್ದರು. ಕೆಲವು ದಿನದಿಂದ ತಡವಾಗಿ ಬರುತ್ತಿದ್ದರು. ತಲೆ ಬಾಚಿರುತ್ತಿರಲಿಲ್ಲ. ಕೂದಲಲ್ಲೆಲ್ಲ ಬಣ್ಣಬಣ್ಣದ ನೂಲಿನ ಎಳೆ. ಪಾಠದ ನಡುವೆ ಆಕಳಿಸುವುದು, ಬೆನ್ನ ಹಿಂದೆ ಕೈಸನ್ನೆ ಮಾಡುವುದು. ಶಿಕ್ಷಕ ತಿರುಗಿ ನೋಡಿದರೆ ಸನ್ನೆ ನಿಲ್ಲುತ್ತಿತ್ತು. ಅವನಿಗೆ ಆ ಸನ್ನೆಗಳು ಇಷ್ಟು ವರ್ಷವಾದರೂ ತಲೆಗೆ ಹತ್ತಿರಲಿಲ್ಲ. ತನ್ನನ್ನೇ ಅಣಕಿಸುತ್ತಿದ್ದಾರೆ ಎಂದುಕೊಂಡ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಿದ. ಅವರು ಎದುರಾಡದೆ ನಿಂತರು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಶಿಕ್ಷಕರ ದಿನ ಬಂತು. ಅವನು ಬೇಕೆಂದೇ ಮಡಿಕೆ ಮುರಿಯದ ಅಂಗಿ ತೊಟ್ಟು ಬಂದ. ಮೇಜಿನ ಮೇಲೆ ಹೂವಿಲ್ಲ. ಹಲಗೆಯ ಮೇಲೆ ಒಂದು ಅಕ್ಷರವಿಲ್ಲ. ಮಕ್ಕಳು ಮಾತ್ರ ಕಿಟಕಿಯ ಕಡೆ ನೋಡುತ್ತ ಮುಳ್ಳಿನ ಮೇಲೆ ಕೂತವರ ಹಾಗೆ ಕೂತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕಿಟಕಿಯಾಚೆ ಯಾರಿಗೋ ಬೆರಳೆತ್ತಿ ಸನ್ನೆ ಮಾಡಿದಳು.

“ಇವತ್ತಾದರೂ ಸುಮ್ಮನಿರಬಾರದೇ?” ಎಂದು ಶಿಕ್ಷಕ ಕೂಗಿದ. ಸಂಜೆಯ ಬಸ್ಸನ್ನು ನೆನೆದು ಸಮಾಧಾನ ಮಾಡಿಕೊಂಡು ಪುಸ್ತಕ ತೆರೆದ.

ಆಗ ಶಾಲೆಯ ಗೋಡೆಗೆ ಅಂಟಿದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಎದುರು ಸಾಲಿನದು ನಿಂತಿತು. ನೋಡನೋಡುತ್ತ ಕೇರಿಯೇ ನಿಶ್ಶಬ್ದವಾಯಿತು. ದೂರದಲ್ಲಿ ಯಾರದೋ ಮನೆಯ ಒಗ್ಗರಣೆ ಚಟಪಟ ಎಂದದ್ದು ಕೇಳಿಸಿತು.

ಶಿಕ್ಷಕ ತಟ್ಟನೆ ಪುಸ್ತಕ ಮುಚ್ಚಿದ. ಅವನ ಅಸಮಾಧಾನವೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು. ತಲೆ ತಗ್ಗಿಸಿ ನಿಂತ. ಆಮೇಲೆ “ಏಳಿ ಮಕ್ಕಳೇ. ಗಲಾಟೆ ಮಾಡದೆ ಮನೆಗೆ ಹೋಗಿ. ನಾನೂ ಬರುತ್ತೇನೆ. ಯಾರು ಹೋದರು?” ಎಂದ.

ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

“ಏಳಿ ಎಂದೆನಲ್ಲ. ಮಗ್ಗ ನಿಂತದ್ದು ಗೊತ್ತಾಗಲಿಲ್ಲವೇ?”

ಹಿಂದಿನ ಬೆಂಚಿನ ಹುಡುಗಿ ಅಳತೊಡಗಿದಳು. ಅಳುತ್ತಲೇ ಎದ್ದು ನಿಂತಳು.

“ಯಾರೂ ಸತ್ತಿಲ್ರಿ ಸರ್. ನೀವು ನಮ್ಮನ್ನ ಮನಿಗೆ ಕಳಿಸಬ್ಯಾಡ್ರಿ. ನಿಮ್ಮ ಪಾಠ ಕೇಳಾಕಂತ ನಿಲ್ಲಿಸ್ಯಾರ. ಇದು ನಿಮ್ಮ ದಿನಾ ಅಲ್ಲೇನ್ರಿ?”

ಶಿಕ್ಷಕನಿಗೆ ಅರ್ಥವಾಗಲಿಲ್ಲ. ಮಕ್ಕಳು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದರು. ಎಂದೋ ಅವನು ಒಂದು ಪಾಠದ ನಡುವೆ ಒಂದು ಕತೆ ಹೇಳಿದ್ದನಂತೆ. ನೇಕಾರರ ಬಟ್ಟೆಯ ಗಂಟು ಹೊತ್ತು ಸಮುದ್ರಕ್ಕೆ ಇಳಿದ ಒಂದು ಹಡಗಿನ ಕತೆ. ಬಿರುಗಾಳಿ ಎದ್ದಿತು, ಹಾಯಿ ಹರಿಯಿತು ಎನ್ನುವಷ್ಟು ಕೇಳಿಸಿತು. ಆಮೇಲಿನದನ್ನು ಮಗ್ಗದ ಸದ್ದು ನುಂಗಿತು. ಮುಂದಿನ ಸಾಲಿನವರೂ ಅಂದು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹಡಗು ಮುಳುಗಿತು ಎಂದು ಅರ್ಧ ತರಗತಿ, ಇಲ್ಲ ಎಂದು ಇನ್ನರ್ಧ. ಅದಕ್ಕಾಗಿ ಜಗಳವಾಯಿತು, ಅಂಗಿ ಹರಿಯಿತು, ಇಬ್ಬರು ಗೆಳತಿಯರು ಮಾತು ಬಿಟ್ಟರು. ಪಾಠದ ನಡುವೆ ನಡೆಯುತ್ತಿದ್ದ ಸನ್ನೆಯೂ ಮೊದಮೊದಲು ಆ ಹಡಗಿನದೇ. ಅಂಗೈ ತೇಲಿಸಿದರೆ ಉಳಿಯಿತು ಎಂದು, ಮಗುಚಿದರೆ ಮುಳುಗಿತು ಎಂದು.

“ಕೇಳಿಸಲಿಲ್ಲ ಎಂದು ನನಗೆ ಹೇಳಬಾರದಿತ್ತೇ?” ಎಂದ ಶಿಕ್ಷಕ.

“ಹೇಳಿದ್ರ ನೀವು ಇನ್ನೂ ಜೋರಾಗಿ ಒದರತಿದ್ರಿ,” ಎಂದ ಒಬ್ಬ ಹುಡುಗ. “ಆಗಲೇ ನಿಮ್ಮ ಗಂಟಲ ಹರದ ತಮಟಿ ಆಗೇತ್ರಿ ಸರ್.”

ಹುಡುಗಿ ಮೂಗು ಒರೆಸಿಕೊಂಡು ಉಳಿದದ್ದನ್ನು ಹೇಳಿದಳು. ಶಿಕ್ಷಕರ ದಿನಕ್ಕೆ ಒಂದೇ ಒಂದು ಪಾಠದ ಹೊತ್ತು ಮಗ್ಗ ನಿಲ್ಲಿಸಿರೆಂದು ಮಕ್ಕಳು ಮನೆಮನೆಗೆ ಹೋಗಿ ಕೇಳಿದರು. ಹಿರಿಯರು ಕಿವಿ ಮುಚ್ಚಿಕೊಂಡರು. ಬದುಕಿರುವವರಿಗೆ ಮಗ್ಗ ನಿಲ್ಲಿಸಿದವರು ಯಾರಿದ್ದಾರೆ, ಅದು ಅಪಶಕುನ ಎಂದರು. ಆಗ ಈ ಹುಡುಗಿ ತನ್ನ ಅಜ್ಜನ ಎದುರಿಗೆ ನಿಂತು ಕೇಳಿದ್ದಳು:

“ಸತ್ತವರಿಗೆ ಏನೂ ಕೇಳಿಸಂಗಿಲ್ಲ, ಅವರಿಗೆ ನಿಲ್ಲಿಸ್ತೀರಿ. ನಾವು ಕೇಳಬೇಕಂತೀವಿ, ನಮಗ ನಿಲ್ಲಿಸಂಗಿಲ್ಲೇನ?”

ಅಜ್ಜ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. ಶಿಕ್ಷಕನನ್ನು ಹಿಂದೆ ಬೈದವನು ಅವನೇ. “ಹೊತ್ತು ಹೋದರ ನೇಯ್ಗಿ ಹಿಂದ ಬೀಳತದಲ್ಲ, ಅದಕ್ಕೇನು ಮಾಡ್ತೀರಿ?” ಎಂದ. “ನಸುಕಿನಾಗ ಎದ್ದು ನಿಮ್ಮ ಕಂಡಿಕಿ ಎಲ್ಲಾ ನಾವು ಸುತ್ತಿಕೊಡ್ತೀವಿ” ಎಂದವು ಮಕ್ಕಳು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸುತ್ತು. ಅದನ್ನು ಸುತ್ತಿಕೊಟ್ಟರೆ ನೇಯುವವನ ಅಷ್ಟು ಹೊತ್ತು ಉಳಿಯುತ್ತದೆ. ಹಾಗೆ ಅಷ್ಟು ದಿನ ನಸುಕಿನಲ್ಲೇ ಎದ್ದು ಸುತ್ತಿದರು. ಅದಕ್ಕೇ ತಡ, ಅದಕ್ಕೇ ಆಕಳಿಕೆ, ಅದಕ್ಕೇ ತಲೆಯಲ್ಲಿ ನೂಲು.

ಶಿಕ್ಷಕ ಯಾರನ್ನು ಹೊರಗೆ ನಿಲ್ಲಿಸಿದ್ದನೋ ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ.

“ಲಗೂ ಹೇಳ್ರಿ ಸರ್,” ಎಂದಳು ಹುಡುಗಿ. “ಒಂದ ಪಾಠದ ಹೊತ್ತು ಅಂದಾರ. ಹಡಗ ಏನಾತು?”

ಶಿಕ್ಷಕ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ರೂಢಿ ಎಲ್ಲಿ ಬಿಡುತ್ತದೆ? “ಹಡಗು!” ಎಂದು ಅವನು ಕೂಗಿದ್ದಕ್ಕೆ ಮಾಡಿನ ಪಾರಿವಾಳಗಳು ಹಾರಿಹೋದವು. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಹೊರಗೂ ಯಾರೋ ನಕ್ಕರು. ಶಿಕ್ಷಕ ಕಿಟಕಿಯ ಕಡೆ ನೋಡಿದ. ಕೇರಿಯ ಜನ ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಬೈದಿದ್ದ ಅಜ್ಜ ಎಲ್ಲರಿಗಿಂತ ಮುಂದೆ.

“ಸಾವಕಾಶ ಹೇಳ್ರಿ ಮಾಸ್ತರ,” ಎಂದ ಅಜ್ಜ. “ಇಲ್ಲಿ ಯಾರಿಗೂ ಅವಸರಿಲ್ಲ.”

ಶಿಕ್ಷಕ ದನಿ ಇಳಿಸಿದ. ತನ್ನ ದನಿ ಹೀಗಿದೆಯೆಂಬುದು ಅವನಿಗೇ ಮರೆತುಹೋಗಿತ್ತು. ಆ ದನಿಯಲ್ಲಿ ಅವನು ಬಿರುಗಾಳಿಯನ್ನು ಮತ್ತೊಮ್ಮೆ ಎಬ್ಬಿಸಿದ, ಹಾಯಿ ಹರಿದ, ಗಂಟು ಬಿಚ್ಚಿಸಿ ನೇಕಾರರ ಗಟ್ಟಿ ಬಟ್ಟೆಯನ್ನೇ ಹಾಯಿಯ ಜಾಗಕ್ಕೆ ಕಟ್ಟಿಸಿದ, ಹಡಗನ್ನು ದಡ ಮುಟ್ಟಿಸಿದ. ಮಾತು ಬಿಟ್ಟಿದ್ದ ಗೆಳತಿಯರಲ್ಲಿ ಒಬ್ಬಳು ಇನ್ನೊಬ್ಬಳ ಕಡೆ ತಿರುಗಿ ಅಂಗೈಯನ್ನು ನಿಧಾನವಾಗಿ ತೇಲಿಸಿದಳು. ಸೋತವಳು ನಾಲಿಗೆ ಚಾಚಿದಳು. ಆ ಸನ್ನೆ ಶಿಕ್ಷಕನಿಗೂ ತಿಳಿಯಿತು.

ಗಂಟೆ ಹೊಡೆಯಿತು. ಕಟ್ಟೆಯ ಮೇಲಿದ್ದವರು ಎದ್ದು ಹೋದರು. ಒಂದು ಮಗ್ಗ ಶುರುವಾಯಿತು, ಇನ್ನೊಂದು ಶುರುವಾಯಿತು, ಕೇರಿಯೆಲ್ಲ ಮೊದಲಿನಂತಾಯಿತು. ಸಂಜೆ ಬಸ್ಸು ಬಂದು ಊರ ಮುಂದೆ ನಿಂತು ಬಹಳ ಹೊತ್ತು ಹಾರ್ನ್ ಹಾಕಿತಂತೆ. ಶಿಕ್ಷಕ ಆಗ ಹುಡುಗಿಯ ಅಜ್ಜನ ಮನೆಯ ಜಗಲಿಯ ಮೇಲೆ ಕೂತು, ನೀರು ತಾ ಎನ್ನುವ ಸನ್ನೆಯನ್ನು ಕಲಿಯುತ್ತಿದ್ದ. ಮಗ್ಗದ ಸದ್ದಿನಲ್ಲಿ ಹಾರ್ನು ಅವನಿಗೆ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮಹಾಂತಯ್ಯ ನಗುತ್ತಿದ್ದ. ಕತೆಯಲ್ಲಿ ಹುಡುಗಿ ಅತ್ತಾಗ ಕಣ್ಣೂ ಒರೆಸಿಕೊಂಡಿದ್ದ. “ಎಂಥ ಮಕ್ಕಳು ಅಜ್ಜಾರ!” ಎಂದ. “ಅಂಥ ಮಕ್ಕಳು ಸಿಕ್ಕಿದ್ದರೆ ನಾನು ಕೊಟ್ಟಿಗೆಯ ಮಾತನ್ನೇ ಎತ್ತುತ್ತಿರಲಿಲ್ಲ. ಪಾಪ, ಆ ಶಿಕ್ಷಕನಿಗೆ ಎದುರಿಗಿದ್ದದ್ದು ಕಾಣಲಿಲ್ಲವಲ್ಲ.”

ಈ ಮಾತನ್ನೂ ಅವನು ತನ್ನ ಸಣ್ಣ ದನಿಯಲ್ಲೇ ಹೇಳಿದ. ಗುರುಗಳು ಕೇಳಿಸಿಕೊಳ್ಳಲೆಂದು ಇನ್ನೊಂದಿಷ್ಟು ಮುಂದಕ್ಕೆ ಬಾಗಿದರು. ಅವನ ಮುಖವನ್ನೇ ನೋಡುತ್ತ, ನಕ್ಕು, ಹೀಗೆಂದರು:

“ನಿನ್ನ ಮಾತು ಕೇಳಲೆಂದು ನಾನೂ ಚಾಪೆ ಎಳೆದುಕೊಂಡು ಹತ್ತಿರ ಬಂದೆ, ನನ್ನನ್ನು ಯಾಕಪ್ಪಾ ಹಿಂದಕ್ಕೆ ತಳ್ಳಲಿಲ್ಲ?”