ಬಾಡದ ಗಿಡ ಬಾಡಿದ್ದು

ಹೊಳೆಯ ನಡುಗಡ್ಡೆಯಲ್ಲೊಂದು ಮಠ. ಮಠದ ಹಿಂದೆ ದಟ್ಟ ಕಾಡು. ಆ ಕಾಡಿನಲ್ಲಿ ಸೊಂಟದೆತ್ತರದ ಒಂದು ಗಿಡ ಬೆಳೆಯುತ್ತಿತ್ತು. ಬಿರುಬೇಸಿಗೆಯಲ್ಲೂ ಹಸಿರಾಗಿರುವ ಅದಕ್ಕೆ ಬಾಡದ ಗಿಡ ಎಂದೇ ಹೆಸರು.

ಮಠದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹಿರಿಯರು ತೀರಿಕೊಂಡಿದ್ದರು. ಆ ಜಾಗ ತನ್ನದೇ ಎಂದು ಶಿಷ್ಯ ಕೆಂಚವೀರ ನಂಬಿದ್ದ. ಅವನಷ್ಟು ಓದಿದವರು, ಅವನಷ್ಟು ಮೈಮುರಿದು ದುಡಿಯುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ, ನಿಜ.

ಗುರು ನಿರಂಜನಯ್ಯನವರು ಕಾಡಿನಿಂದ ಮಣ್ಣಿನ ಸಮೇತ ತಂದ ಒಂದು ಸಸಿಯನ್ನು ಅವನ ಕೈಗಿಟ್ಟರು.

“ಇದು ಚಿಗುರಲಿ. ಮಕ್ಕಳ ವಿಷಯ ಆಮೇಲೆ ನೋಡೋಣ.”

ಕೆಂಚವೀರನಿಗೆ ಮೈಯೆಲ್ಲ ಉರಿಯಿತು. ಶಾಸ್ತ್ರ ಓದಿದವನಿಗೆ ಇದೊಂದು ಪರೀಕ್ಷೆಯೇ? ಆದರೂ ಕೆಲಸ ಅಂದರೆ ಕೆಲಸ.

ಮಠದಲ್ಲೇ ಶ್ರೇಷ್ಠವಾದ ಜಾಗ ಆರಿಸಿದ. ಗದ್ದುಗೆಯ ಮುಂದಿನ ಕಲ್ಲಂಗಳದ ನಡುವೆ, ಬೆಳಗಿನಿಂದ ಸಂಜೆವರೆಗೂ ಬಿಸಿಲು ಬೀಳುವಲ್ಲಿ, ಹಾಸುಗಲ್ಲು ಎಬ್ಬಿಸಿ ಆಳವಾದ ಗುಂಡಿ ತೋಡಿ ನೆಟ್ಟ. ಎರಡೂ ಹೊತ್ತು ಕೊಡಗಟ್ಟಲೆ ನೀರು ಹೊಯ್ದ. ಬುಡದಲ್ಲಿ ಒಂದು ಒಣ ಎಲೆ ಬಿದ್ದರೂ ಗುಡಿಸಿ ಎಸೆದ. ಗದ್ದುಗೆಯ ಅಂಗಳ ಗುಡಿಸುವುದಕ್ಕಿಂತ ದೊಡ್ಡ ಸೇವೆ ಯಾವುದಿದೆ?

ಗಿಡ ಹಳದಿಯಾಗಿ ಬಾಡಿತು.

ಒಂದು ಬೆಳಿಗ್ಗೆ ನಿರಂಜನಯ್ಯನವರು ಕುಕ್ಕೆ ತುಂಬ ತರಗೆಲೆ ತಂದು ಅದರ ಬುಡಕ್ಕೆ ಸುರಿದರು.

“ಬುದ್ಧೀ! ಈಗಷ್ಟೇ ಗುಡಿಸಿದ್ದೆ!”

“ನೋಡಿದೆ ಕಣಪ್ಪ.”

ಅವರು ಬೆನ್ನು ತಿರುಗಿಸಿದ್ದೇ ತಡ, ಕೆಂಚವೀರ ಅಷ್ಟನ್ನೂ ಬಳಿದು ಹೊಳೆಗೆ ಹಾಕಿದ. ಮರುದಿನ ಮತ್ತೆ ಕುಕ್ಕೆ, ಮತ್ತೆ ಪೊರಕೆ. ಹೀಗೇ ನಡೆದು ಕೊನೆಗೊಮ್ಮೆ ಅವನು ಪೊರಕೆಯನ್ನೇ ನೆಲಕ್ಕೆ ಕುಕ್ಕಿದ.

“ಇದೆಂಥ ನ್ಯಾಯ ಬುದ್ಧೀ? ನಾನು ಜೀವ ತೇಯ್ತಾ ಇದೀನಿ, ನೀವು ಬಂದು ಕಸ ಸುರೀತೀರಿ! ಮಕ್ಕಳನ್ನ ಕೊಡೋ ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳಿ. ಈ ದರಿದ್ರ ಗಿಡಕ್ಕಂತೂ ಉಪಕಾರಸ್ಮರಣೆಯೇ ಇಲ್ಲ!”

“ಅದರ ಪಕ್ಕ ಕೂತ್ಕೋ.”

ನೆತ್ತಿಯ ಮೇಲೆ ಸೂರ್ಯನಿದ್ದ. ಕೆಂಚವೀರ ಹಲ್ಲು ಕಚ್ಚಿಕೊಂಡು ಕೂತ.

ಗುರುಗಳು ಅವನ ತಲೆಯ ಮೇಲೆ ಒಂದು ಕೊಡ ನೀರು ಸುರಿದರು. ಸುತ್ತ ಚೊಕ್ಕವಾಗಿ ಗುಡಿಸಿದರು. ಸ್ವಲ್ಪ ಹೊತ್ತಿಗೆ ಬಂದು ಇನ್ನೊಂದು ಕೊಡ ಸುರಿದರು. ಕಲ್ಲು ಕಾದು ತೊಡೆ ಸುಡುತ್ತಿತ್ತು. ತಡೆಯಲಾರದೆ ಅವನು ಹೆಗಲ ಮೇಲಿನ ವಲ್ಲಿ ಬಿಡಿಸಿ ತಲೆಗೆ ಹೊದ್ದ.

“ಎಂಥದಿದು ಕಸ?” ಎಂದು ಗುರುಗಳು ಅದನ್ನು ಎಳೆದು ಆಚೆ ಎಸೆದರು.

“ಅಯ್ಯೋ, ನನಗೆ ನೀರು ಬೇಡ! ನೆರಳು ಬೇಕು!”

“ನಿನಗೆ ಬಾಯಿದೆ, ಹೇಳಿದೆ.”

ಕೆಂಚವೀರ ಗಿಡದ ಕಡೆ ನೋಡಿದ. ಸಿಟ್ಟು ಇಳಿಯಲಿಲ್ಲ. ಆದರೆ ಅದನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಅವನಿಗೆ ಅಳು ಬಂತು.

ಅವತ್ತು ಸಂಜೆ ಇಬ್ಬರೂ ಸಸಿಯನ್ನು ಕಾಡಿಗೆ ಒಯ್ದರು. ಹೆಮ್ಮರದ ಕೆಳಗೆ ಬೇರು ಮುಳುಗುವಷ್ಟೇ ಗುಂಡಿ ತೋಡಿದರು. ಬುಡಕ್ಕೆ ಕೊಳೆತ ಎಲೆ, ಅದರ ಮೇಲೆ ಒಣ ಎಲೆ ಹರಡಿದರು.

“ನೀರು, ಬುದ್ಧೀ?”

“ಎಲೆ ಸರಿಸಿ ಮಣ್ಣು ಮುಟ್ಟಿ ನೋಡು. ತಣ್ಣಗಿದ್ರೆ ಸುಮ್ಮನೆ ವಾಪಸ್ ಬಾ.”

ಗುಂಡಿ ತೋಡುವುದು ಅವನಿಗೆ ಸುಲಭವಾಗಿತ್ತು. ಸುಮ್ಮನೆ ವಾಪಸ್ ಬರುವುದು ಪ್ರಾಣಸಂಕಟವಾಯಿತು. ಕೊಡ ಹಿಡಿದು ಹೋಗುತ್ತಿದ್ದ, ಮಣ್ಣು ಮುಟ್ಟುತ್ತಿದ್ದ, ಗಿಡವನ್ನೂ ಗುರುವನ್ನೂ ಒಟ್ಟಿಗೆ ಬೈದುಕೊಂಡು ತುಂಬಿದ ಕೊಡದೊಂದಿಗೆ ಮರಳುತ್ತಿದ್ದ.

ಮಳೆ ಹಿಡಿದ ಮೇಲೆ ಒಂದು ದಿನ ಕೆಸರುಗಾಲಲ್ಲೇ ಓಡಿ ಬಂದ.

“ಚಿಗುರಿದೆ ಬುದ್ಧೀ!”

“ಮಕ್ಕಳು ಜಗಲಿ ಮೇಲೆ ಕಾಯ್ತಾ ಇದಾರೆ. ಹೋಗು.”

ಹೊರಟವನು ಬಾಗಿಲಲ್ಲೇ ನಿಂತ. ತಿರುಗಿ ಕೇಳಿಯೇಬಿಟ್ಟ.

“ಯಾಕೆ ಇಷ್ಟು ಸತಾಯಿಸಿದ್ರಿ? ನಾನು ಆ ಮಕ್ಕಳನ್ನ ಚೆನ್ನಾಗಿ ನೋಡ್ಕೊಳ್ಳಲ್ಲ ಅಂತ ಹೆದರಿದ್ರಾ?”

“ಇಲ್ಲಪ್ಪ,” ಎಂದರು ನಿರಂಜನಯ್ಯ. “ಎಲ್ಲಿ ಚೆನ್ನಾಗಿ ನೋಡ್ಕೊಂಡುಬಿಡ್ತೀಯೋ ಅಂತ ಹೆದರಿದ್ದೆ.”