ಎರಡು ಸಲ ಬಡಿದ ರೊಟ್ಟಿ

"ತಾಯಿ, ಇಪ್ಪತ್ತಾರನೆಯ ವಯಸ್ಸಿಗೇ ನನ್ನ ತಮ್ಮನಿಗೆ ಲಕ್ವ ಹೊಡೆಯಿತು. ಉಣಿಸುತ್ತೇನೆ, ಅಂಗಿ ತೊಡಿಸುತ್ತೇನೆ, ಅವನ ಮಾತು ತಡವರಿಸಿದರೆ ನಾನೇ ಮುಗಿಸಿಕೊಡುತ್ತೇನೆ. ಆದರೂ ನನ್ನನ್ನು ಕಂಡರೆ ಗೋಡೆಯ ಕಡೆ ಹೊರಳುತ್ತಾನೆ. ಇನ್ನೇನು ಮಾಡಲಿ?" ಎಂದು ಶಿಷ್ಯೆ ಕೇಳಿದಳು.

ಊರೂರು ಸುತ್ತಿ ಬಂದಿದ್ದ ಗುರುಮಾತೆ ಹೇಳಿದರು:

ಖಾನಾವಳಿ ನಡೆಸುವ ಒಬ್ಬ ಹೆಂಗಸಿದ್ದಳು. ಅವಳ ಮಗಳು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಗಾಡಿಯವರು ಎತ್ತು ಬಿಚ್ಚುತ್ತಿದ್ದರು. ಮಗಳಿಗೆ ಇಪ್ಪತ್ಮೂರು ತುಂಬುವಷ್ಟರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತುಂಡಾಯಿತು. ಕೈಗೆ ಕೆಲಸ ತಪ್ಪಿಸಬೇಡಿ, ತಪ್ಪಿಸಿದರೆ ಅದು ಏಳುವುದಿಲ್ಲ ಎಂದ ವೈದ್ಯ.

ಮೂರು ತಿಂಗಳಿಗೆ ಕೈ ಒಂದಿಷ್ಟು ಎದ್ದಿತು. ಮಗಳು ಹಲಗೆ ಎಳೆದುಕೊಂಡು ರೊಟ್ಟಿಗೆ ಕೂತಳು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರುಕು. ತಾಯಿ "ಭೇಷ್" ಎಂದು ಅದನ್ನು ಗೋಡೆಯಾಚೆಯ ಒಲೆಯ ಬಳಿಗೆ ಒಯ್ದಳು. ಮತ್ತೆ ಮುದ್ದೆ ಮಾಡಿ, ಬೆರಳ ತುದಿಯಲ್ಲಿ ಮೆಲ್ಲಗೆ ಬಡಿದು ಹಂಚಿಗೆ ಹಾಕಿದಳು. ಗಿರಾಕಿಯೂ ತಪ್ಪಲಿಲ್ಲ, ಮಗಳ ಮುಖವೂ ಬಾಡಲಿಲ್ಲ. ತಾನು ಬಲು ಜಾಣೆ ಎಂದುಕೊಂಡಳು. ಆದರೆ ಸದ್ದಿಲ್ಲದೆ ರೊಟ್ಟಿ ಬಡಿದವರು ಯಾರಿದ್ದಾರೆ?

ಹೀಗೇ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಮಗಳು ಹಲಗೆಯನ್ನು ದೂರ ತಳ್ಳಿದಳು. ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ಯಾಕವ್ವಾ, ಬ್ಯಾಸರಾತೇನು?"

"ಎರಡು... ಸಲ..."

"ಎರಡು ಸಲ ಏನು? ಚಹಾ ಬೇಕೇನು? ಮಲಗ್ತಿಯೇನು?"

ಮಗಳು ಕಣ್ಣು ಮುಚ್ಚಿ ಮೊದಲಿಂದ ಶುರು ಮಾಡಿದಳು. "ಎರಡು ಸಲ... ಬಡೀತಿ. ಕೇಳಸ್ತದ."

ಮಗಳ ಕಿವಿಗೆ ಲಕ್ವ ಹೊಡೆದಿರಲಿಲ್ಲ.

 ತಾಯಿ ಹಲಗೆಯನ್ನು ತಂದು ಮಗಳ ಮುಂದೆ ಇಟ್ಟಳು. "ಬಡಿ. ನೀ ಬಡಿದದ್ದೇ ಹಂಚಿಗೆ ಹೋಗ್ತದ."

ಆ ದಿನದ ಮೊದಲ ರೊಟ್ಟಿ ಒಬ್ಬ ಗಾಡಿಯವನ ತಾಟಿಗೆ ಬಿತ್ತು. ಅವನು ಅದನ್ನು ಎತ್ತಿ ಹಿಡಿದು, "ಏನಬೇ, ರೊಟ್ಟಿಗೆ ಕಿವಿ ಮೂಡ್ಯಾವಲ್ಲ!" ಎಂದ.

ಮಗಳಿಗೆ ಹುಷಾರಿಲ್ಲ ಎನ್ನಲು ತಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ "ಕಿವಿ..." ಎಂಬ ದನಿ ಬಂತು. ಮುಂದಿನ ಮಾತು ಬರಲಿಲ್ಲ. ತಾಯಿ ತುಟಿ ಕಚ್ಚಿ ಹಿಡಿದಳು. ಗಾಡಿಯವನು ರೊಟ್ಟಿ ಹಿಡಿದೇ ಕಾದ. ತಾಟಿನಲ್ಲಿ ಪಲ್ಯ ಆರಿತು.

"ಕಿವಿ... ಹಿಡಿದು... ತಿನ್ನಣ್ಣ."

ಗಾಡಿಯವನು ಗಹಗಹಿಸಿ ನಕ್ಕ. ಇನ್ನೊಂದು ರೊಟ್ಟಿ ಕೇಳಿದ.

ಎಲ್ಲರೂ ಅವನಂತಿರಲಿಲ್ಲ. ಕೆಲವರು ಬೇರೆ ಖಾನಾವಳಿ ಹಿಡಿದರು. ತಾಯಿ ಅವರನ್ನು ಕರೆಯಲು ಹೋಗಲಿಲ್ಲ. ಮಗಳು ದಿನವೂ ಹಲಗೆ ಎಳೆದುಕೊಂಡಳು. ತಾಯಿ ದಿನವೂ ತುಟಿ ಕಚ್ಚಿದಳು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಅವರು ಜಗಳಕ್ಕಿಳಿಯಲಿಲ್ಲ.

ಗುರುಮಾತೆ ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ರೊಟ್ಟಿ ದುಂಡಗಾಯಿತೇ, ತಾಯಿ?" ಎಂದು ಶಿಷ್ಯೆ ಕೇಳಿದಳು.

"ನಿನ್ನ ತಮ್ಮ ತಾನೇ ಅಂಗಿ ತೊಟ್ಟುಕೊಂಡರೆ ಎಷ್ಟು ಹೊತ್ತು ಹಿಡಿಯುತ್ತದೆ?"

ಶಿಷ್ಯೆಗೆ ಗೊತ್ತಿರಲಿಲ್ಲ; ಅವಳು ಒಮ್ಮೆಯೂ ಕಾದು ನೋಡಿರಲಿಲ್ಲ.